ಬೆಳಗಿನ ಕಾಲು, ಸಂಜೆಯ ಕಾಲು

ಮಾರ್ಚ್ 4

ತಂಗಿಗೆ,

ಆರು ವರ್ಷದ ಮೇಲೆ ಅಣ್ಣನ ಅಕ್ಷರ ನೋಡಿ ಮನೆಯಲ್ಲಿ ಯಾರೋ ಹೋದರು ಎಂದುಕೊಳ್ಳಬೇಡ. ಎಲ್ಲರೂ ಇದ್ದೇವೆ. ನನಗೆ ಎರಡು ಹಲ್ಲು ಕಡಿಮೆಯಾಗಿದೆ, ಮಾತು ಕಡಿಮೆಯಾಗಿಲ್ಲ. ಸಾಯುವ ಹಾಗಿರುವುದು ನಿನ್ನ ಕಂಪ್ಯೂಟರ್ ಒಂದೇ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನಾವಿಬ್ಬರೂ ಎರಡನೇ ನಿಮಿಷಕ್ಕೆ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ತೆಪ್ಪಗಿರಲೇಬೇಕು. ಅದಕ್ಕೇ ಇದು.

ನೀನು ಬಿಟ್ಟುಹೋದಾಗ ನಮ್ಮ ಕಾರ್ಖಾನೆಯಲ್ಲಿ ಸಾವಿರದ ಮುನ್ನೂರು ಜನರ ಕಾಲಿನ ಅಳತೆ ಇತ್ತು. ಈಗ ಎರಡು ಸಾವಿರದ ನೂರ ನಲವತ್ತು. ಅಂಗಡಿಯ ಶೂ ಹಿಡಿಸದವರೆಲ್ಲ ನಮ್ಮಲ್ಲಿಗೇ ಬರುತ್ತಾರೆ: ಬೆರಳು ಮಡಚಿಕೊಂಡವರು, ಒಂದು ಕಾಲು ಗಿಡ್ಡ ಇರುವವರು, ಮತ್ತೆ ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಸ್ಪರ್ಶವೇ ಹೋದ, ಆಸ್ಪತ್ರೆಯವರು ಕಳಿಸುವ ಅರವತ್ತಮೂರು ಮಂದಿ. ಇಷ್ಟೂ ಜನರ ಕಾಲು ಮೆಟ್ಟಿಲ ಕೆಳಗಿರುವ ಆ ಒಂದು ಪೆಟ್ಟಿಗೆಯಲ್ಲಿ ನಿಂತಿದೆ. ಅದರ ಫ್ಯಾನು ಈಗ ಮುದುಕನ ಕೆಮ್ಮಿನ ಥರ ಸದ್ದು ಮಾಡುತ್ತದೆ. ಆರು ವರ್ಷದಿಂದ ನಾವು ಅದನ್ನು ಆರಿಸಿಯೇ ಇಲ್ಲ. ಆರಿಸಿದರೆ ಪಾಸ್‌ವರ್ಡ್ ಕೇಳುತ್ತದೆ, ಅದು ನಿನಗೊಬ್ಬಳಿಗೇ ಗೊತ್ತು.

ಆಸ್ಪತ್ರೆಯವರು ಎಲ್ಲವನ್ನೂ ಕ್ಲೌಡಿಗೆ ಹಾಕಿ ಎನ್ನುತ್ತಿದ್ದಾರೆ. ಕ್ಲೌಡ್ ಕಂಪನಿಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ನನಗೆ ಕುತೂಹಲ, ನಿನಗೆ ಗೊತ್ತಲ್ಲ, ಹೊಸ ಚರ್ಮ ಕಂಡರೆ ಮೂಸಿ ನೋಡುವವನು ನಾನು.

"ಅದು ಎಲ್ಲಿರುತ್ತೆ ಅಮ್ಮ, ನಿಮ್ಮ ಮೋಡ?"

"ದೂರದಲ್ಲಿ ಒಂದು ದೊಡ್ಡ ಕಟ್ಟಡ ಸಾರ್, ಅದರ ತುಂಬ ಕಂಪ್ಯೂಟರ್. ನಿಮ್ಮದೆಲ್ಲ ಅಲ್ಲಿರುತ್ತೆ, ನೀವು ಇಲ್ಲಿಂದ ನೋಡ್ಕೋತೀರಿ."

"ಹಾಗಾದ್ರೆ ಗೋದಾಮು ಅನ್ನು. ಮೋಡ ಅಂದ್ರೆ ಸುರಿದುಹೋದ್ರೆ ಏನ್ ಗತಿ ಅಂತ ಹೆದರಿಕೆ ಆಗುತ್ತೆ."

ನಕ್ಕಳು. ನಗಲು ಬರುವವರ ಜೊತೆ ವ್ಯವಹಾರ ಮಾಡಬಹುದು. ಪಾಸ್‌ವರ್ಡ್ ಬರೆದು ಕಳಿಸು. ಇನ್ನೇನಾದರೂ ಹೇಳುವುದಿದ್ದರೆ ಅದನ್ನೂ ಬರೆ, ಅಡ್ಡಿಯಿಲ್ಲ.

ನಿನ್ನ ಅಣ್ಣ


ಮಾರ್ಚ್ 13

ಅಣ್ಣನಿಗೆ,

ಶೋಕೇಸಿನ ಬಲಗಡೆ ಯಾರೂ ಕೊಳ್ಳದ ಕಂದು ಶೂ ಇದೆಯಲ್ಲ, ಅದರ ಎಡಗಾಲಿನ ಒಳಗಿನ ಅಟ್ಟೆ ಎತ್ತು. ಪಾಸ್‌ವರ್ಡ್ ಅಲ್ಲಿ ಬರೆದಿದೆ. ಆರು ವರ್ಷವೂ ನಿನ್ನ ಕುರ್ಚಿಯಿಂದ ನಾಲ್ಕು ಅಡಿ ದೂರದಲ್ಲೇ ಇತ್ತು.

ನಾನೀಗ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡುವ ಕಚೇರಿಯಲ್ಲಿದ್ದೇನೆ. ದಿನಕ್ಕೆ ಹದಿನೈದು ತಕ್ಕಡಿ. ತಪ್ಪಿದೆ ಎಂದು ತೋರಿಸಿದರೆ ಯಾವ ತಕ್ಕಡಿಯೂ ವಾದಕ್ಕೆ ಬರುವುದಿಲ್ಲ. ಸುಖವಾಗಿದ್ದೇನೆ.

ಹೇಳುವುದಿದ್ದರೆ ಬರೆ ಎಂದೆ, ಬರೆಯುತ್ತೇನೆ. ಎಲ್ಲವನ್ನೂ ಒಂದೇ ದಿನ ಸಾಗಿಸಬೇಡ. ಮೊದಲು ಹತ್ತು ಜನರ ಕಾಲು ಕಳಿಸು, ಅಲ್ಲಿಂದ ತೆಗೆದು ಹತ್ತು ಜೊತೆ ಶೂ ಮಾಡಿಸು, ಹಳೆಯದರ ಪಕ್ಕ ಇಟ್ಟು ನೋಡು. ಮೂರು ತಿಂಗಳಾದರೂ ಹಳೆಯ ಪೆಟ್ಟಿಗೆ ಓಡುತ್ತಿರಲಿ, ಕೆಮ್ಮಿದರೆ ಕೆಮ್ಮಲಿ. ಹೊಸದರ ಕೀಲಿ ನಿನ್ನೊಬ್ಬನ ಹತ್ತಿರ ಬೇಡ. ನಾನು ಮಾಡಿದ್ದ ತಪ್ಪು ಅದೇ. ಗುಜರಿಯನ್ನೆಲ್ಲ ಹೊತ್ತುಕೊಂಡು ಹೋಗಬೇಡ, ಗೋದಾಮಿನವರು ಜಾಗಕ್ಕೆ ಬಾಡಿಗೆ ಕೇಳುತ್ತಾರೆ.

ಮತ್ತೆ ಆ ಹೆಣ್ಣುಮಗಳನ್ನು ಒಂದು ಮಾತು ಕೇಳು. ಫೈಲಿನ ಒಳಗಿರುವುದು ಮಾತ್ರ ಹೋಗುತ್ತದೋ, ಹೊರಗೆ ಕಾಣುವುದೂ ಹೋಗುತ್ತದೋ?

ತಂಗಿ


ಏಪ್ರಿಲ್ 2

ತಂಗಿಗೆ,

ಮುಗಿಯಿತು! ಕ್ಲೌಡಿನ ಹೆಣ್ಣುಮಗಳು ಮೂರು ವಾರ ಬೇಕು, ಮೊದಲು ಪರೀಕ್ಷೆ ಮಾಡಬೇಕು, ಆಮೇಲೆ ಕಂತು ಕಂತಾಗಿ ಎಂದೆಲ್ಲ ಶುರು ಮಾಡಿದಳು. ನಿನ್ನ ಕಾಗದವನ್ನು ಅವಳಿಗೂ ಯಾರೋ ಓದಿ ಹೇಳಿದ್ದಾರೇನೋ ಅನ್ನಿಸಿತು. ಮೂರು ವಾರ ಯಾರು ಕಾಯುತ್ತಾರೆ? ಒಂದು ಭಾನುವಾರ ನಾನು, ನಮ್ಮ ಲೆಕ್ಕದವರು ಇಬ್ಬರೇ ಕೂತು, ಕಂದು ಶೂ ಬಿಚ್ಚಿ, ಎಲ್ಲವನ್ನೂ ನಕಲು ಮಾಡಿ ಮೇಲಕ್ಕೆ ಏರಿಸಿಬಿಟ್ಟೆವು. ಬೆಳಗ್ಗೆ ಒಂಬತ್ತಕ್ಕೆ ಕೂತವರು ಸಂಜೆ ನಾಲ್ಕಕ್ಕೆ ಎದ್ದೆವು. ಒಂದೂ ಬಿಟ್ಟಿಲ್ಲ, ಎಣಿಸಿದ್ದೇನೆ: ಮನುಷ್ಯನಿಗೆ ಎರಡರಂತೆ ನಾಲ್ಕು ಸಾವಿರದ ಇನ್ನೂರ ಎಂಬತ್ತು ಅಳತೆ, ಹೋದಷ್ಟೂ ಇಳಿದಿವೆ.

ಹತ್ತು ಜನರ ಕಾಲು ಪರೀಕ್ಷೆ ಮಾಡು ಎಂದಿದ್ದೆ. ಹತ್ತು ಯಾಕೆ ಎಂದು ನನ್ನದೊಂದನ್ನೇ ಮಾಡಿಸಿದೆ. ಬೆಣ್ಣೆಯಂತೆ ಕೂತಿತು.

ಒಂದು ದಿನ ಇಂಟರ್ನೆಟ್ ಹೋಗಿ ಅರ್ಧ ದಿನ ಕೆಲಸ ನಿಂತಿತು, ನಿಜ. ಹೊಲಿಗೆಯಮ್ಮ, "ಯಜಮಾನ್ರೇ, ಕಾಲೆಲ್ಲ ಮೇಲೆ ಹೋದ್ವು, ಇನ್ನು ನಾವೂ ಹೋಗೋದಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಇನ್ನೊಂದು ತಂತಿ ಎಳೆಸಿದ್ದೇನೆ, ಅದೂ ಬಗೆಹರಿಯಿತು.

ಎಷ್ಟು ಅಚ್ಚುಕಟ್ಟಾಗಿದೆ ಗೊತ್ತಾ? ಹಳೆಯದರಲ್ಲಿ ಒಂದೊಂದು ಅಳತೆಗೆ ಒಂದೊಂದು ತಾರೀಖು, ಒಂದೊಂದು ಗಂಟೆ, ಕಣ್ಣಿಗೆ ಗೋಜಲು. ಈಗ ಎಲ್ಲಕ್ಕೂ ಒಂದೇ ತಾರೀಖು, ಯೂನಿಫಾರ್ಮ್ ಹಾಕಿ ಸಾಲಾಗಿ ನಿಂತ ಶಾಲೆಯ ಮಕ್ಕಳ ಹಾಗೆ. ಹಳೆಯ ಪೆಟ್ಟಿಗೆಯನ್ನು ನಿನ್ನೆ ಗುಜರಿಯವರಿಗೆ ತೂಕಕ್ಕೆ ಕೊಟ್ಟೆ. ಮೆಟ್ಟಿಲ ಕೆಳಗೆ ಈಗ ಎಷ್ಟು ಜಾಗ!

ಕಾಲಿನ ಮರದ ಅಚ್ಚು ಸವೆದವರಿಗೆ ಹೊಸದರಿಂದ ತೆಗೆದ ಅಳತೆಯಲ್ಲಿ ಬೇರೆ ಅಚ್ಚು ಕೆತ್ತಿಸಿ, ಹನ್ನೊಂದು ಜೊತೆ ಆಗಲೇ ಹೊರಗೆ ಹೋಗಿದೆ. ಅದರಲ್ಲಿ ಮೂರು ಆಸ್ಪತ್ರೆಯವು. ನಮ್ಮ ಟೀಚರಮ್ಮ ನೆನಪಿದ್ದಾರಾ, ಪಾದಕ್ಕೆ ಪೆನ್ಸಿಲ್ ಚುಚ್ಚಿಕೊಂಡು "ನೋಡಿ, ಗೊತ್ತೇ ಆಗಲ್ಲ" ಎಂದು ಎಲ್ಲರನ್ನೂ ಹೆದರಿಸುತ್ತಿದ್ದವರು? ಅವರಿಗೂ ಈ ವರ್ಷದ ಹೊಸ ಜೊತೆ ಹೋಯಿತು.

ಅದೇನೋ ಹೊರಗೆ ಒಳಗೆ ಎಂದು ಕೇಳಲು ಹೇಳಿದ್ದೆ. ಮರೆತೆ.

ನಿನ್ನ ಅಣ್ಣ


ಏಪ್ರಿಲ್ 7

ಅಣ್ಣ,

ಈ ಕಾಗದ ತಲುಪುವ ಹೊತ್ತಿಗೆ ನನ್ನ ಫೋನು ಬಂದು ಎರಡು ದಿನವಾಗಿರುತ್ತದೆ. "ಟೀಚರಮ್ಮನ ಶೂ ಬಿಚ್ಚಿಸು, ಆ ಇನ್ನಿಬ್ಬರದ್ದೂ ಬಿಚ್ಚಿಸು, ಇವತ್ತೇ" ಎಂದಷ್ಟೇ ಹೇಳಿ ಇಟ್ಟೆ. ನೀನು ಯಾಕೆ ಎಂದು ಕೇಳುವಷ್ಟರಲ್ಲಿ ಇಟ್ಟಿದ್ದಕ್ಕೆ ಕಾರಣ ಇಲ್ಲಿದೆ.

ಮನುಷ್ಯನ ಪಾದ ಬೆಳಗ್ಗೆ ಒಂದಳತೆ, ಸಂಜೆ ಇನ್ನೊಂದಳತೆ. ದಿನವೆಲ್ಲ ನಿಂತರೆ ಬಾತುಕೊಳ್ಳುತ್ತದೆ, ಕೆಲವರಿಗೆ ಸುತ್ತಳತೆಯಲ್ಲಿ ಆರು ಮಿಲಿಮೀಟರ್ ತನಕ. ಅದಕ್ಕೇ ಪ್ರತಿಯೊಬ್ಬರನ್ನೂ ಎರಡು ಸಲ ಗಾಜಿನ ಹಲಗೆಯ ಮೇಲೆ ನಿಲ್ಲಿಸುತ್ತಿದ್ದೆ. ಬೆಳಗ್ಗೆ ಬಂದವರಿಗೆ ಬೆಳಗಿನದು ಮೊದಲು, ಸಂಜೆ ಬಂದವರಿಗೆ ಸಂಜೆಯದು ಮೊದಲು, ಬೆಳಗಿನದು ಮಾರನೇ ದಿನ. ಫೈಲಿನ ಹೆಸರಿನಲ್ಲಿ ಒಂದು, ಎರಡು ಎಂದಷ್ಟೇ ಇರುತ್ತಿತ್ತು; ನಾನು ಹೋದ ಮೇಲೂ ನೀವು ಅದೇ ರೂಢಿ ಬಿಡಲಿಲ್ಲ. ಯಾವುದು ಬೆಳಗಿನ ಕಾಲು, ಯಾವುದು ಸಂಜೆಯ ಕಾಲು ಎಂದು ನಾನು ಎಲ್ಲೂ ಬರೆಯಲಿಲ್ಲ. ಕಂಪ್ಯೂಟರಿನ ಗಡಿಯಾರ ಹೊರಗೇ ಮುದ್ರೆ ಒತ್ತುವಾಗ ಕೈಯಲ್ಲಿ ಬೇರೆ ಯಾಕೆ ಬರೆಯಬೇಕು ಎಂಬ ಜಾಣತನ. ತಾರೀಖು ಯಾವುದೇ ಇರಲಿ, ಗಂಟೆಯಲ್ಲಿ ಹೆಚ್ಚು ಹೊತ್ತಾದದ್ದು, ಅಂದರೆ ಸಂಜೆಯದು, ಮೇಲೆ ಬರುವ ಹಾಗೆ ಜೋಡಿಸಿಟ್ಟಿದ್ದೆ. ಅಚ್ಚು ಕೆತ್ತುವವರು ಇಷ್ಟು ವರ್ಷ ಮೇಲಿನದನ್ನು ತೆಗೆದುಕೊಂಡರು. ಯಾಕೆ ಮೇಲಿನದು ಎಂದು ಅವರಿಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ.

ನೀನು ನಕಲು ಮಾಡಿದ ಭಾನುವಾರ ಆ ಮುದ್ರೆಗಳೆಲ್ಲ ಅಳಿಸಿ ಆ ಭಾನುವಾರದ ಮುದ್ರೆ ಬಿದ್ದಿದೆ. ಈಗ ಮೇಲೆ ಇರುವುದು ಬರಿಯ "ಒಂದು". ಟೀಚರಮ್ಮ ಯಾವಾಗಲೂ ಬೆಳಗ್ಗೆಯೇ ಬರುತ್ತಿದ್ದವರು. ಅವರಿಗೆ ಹೋಗಿರುವುದು ಬೆಳಗಿನ ಕಾಲಿನ ಶೂ. ಸಂಜೆಗೆ ಅದು ಹಿಂಡುತ್ತದೆ. ನಿನ್ನ ಕಾಲಾದರೆ ಬೈದು ಬಿಚ್ಚಿ ಎಸೆಯುತ್ತೀಯ. ಅವರಿಗೆ ಗೊತ್ತೇ ಆಗುವುದಿಲ್ಲ. ನಿನ್ನ ಪರೀಕ್ಷೆ ಬೆಣ್ಣೆಯಂತೆ ಕೂತದ್ದು ಯಾಕೆಂದರೆ, ಕೂತೇ ಕೆಲಸ ಮಾಡುವ ನಿನ್ನ ಕಾಲು ಬಾತುಕೊಳ್ಳುವುದೇ ಕಡಿಮೆ.

ಇದನ್ನು ಹೋಗುವ ದಿನ ಹೇಳಬೇಕಿತ್ತು. ಆಸ್ಪತ್ರೆಯ ಸಭೆ ಮುಗಿದು ಮೂರನೇ ದಿನ ಅದು. ಹೇಳಲಿಲ್ಲ. ಒಂದು ದಿನ ಅಣ್ಣನಿಗೆ ಗೊತ್ತಿಲ್ಲದ್ದೇನಾದರೂ ಎದುರಾಗಲಿ, ಬಂದು ಕೇಳಲಿ ಎಂದಿತ್ತು ಮನಸ್ಸಿನಲ್ಲಿ. ಮಾರ್ಚಿನ ಕಾಗದದಲ್ಲೂ ಅರ್ಧ ಹೇಳಿ ಬಿಟ್ಟೆ, ಮಿಕ್ಕಿದ್ದನ್ನು ಕೇಳಲಿ ಎಂದು.

ಅವರ ಕಾಲು ಹೇಗಿದೆ ಬರೆ. ಬೇರೇನೂ ಬರೆಯದಿದ್ದರೂ ಅದನ್ನು ಬರೆ.

ತಂಗಿ


ಏಪ್ರಿಲ್ 15

ತಂಗಿಗೆ,

ನಿನ್ನ ಫೋನು ಬಂದಾಗ ನಾಲ್ಕೂವರೆ. ಐದು ಗಂಟೆಗೆ ಟೀಚರಮ್ಮನ ಮನೆಯಲ್ಲಿದ್ದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಅವರು ಬಾಗಿಲು ತೆರೆದಾಗ ಹೊಸ ಶೂ ಹಾಕಿಕೊಂಡೇ ಇದ್ದರು.

"ಬಿಚ್ಚಿ ಟೀಚರ್, ಒಂದ್ಸಲ ನೋಡ್ಬೇಕು."

"ಯಾಕೆ ಬಿಚ್ಬೇಕು? ಚೆನ್ನಾಗೇ ಇದೆ."

"ಚೆನ್ನಾಗಿದೆ ಅಂತ ನಿಮಗೆ ಹೇಗೆ ಗೊತ್ತು? ನಿಮ್ಮ ಕಾಲು ನಿಮಗೇನೂ ಹೇಳಲ್ಲ."

"ಅದಕ್ಕೇ ಅಲ್ವೇನ್ರೀ ನಿಮ್ಮನ್ನ ನಂಬಿರೋದು?"

ನಲವತ್ತು ವರ್ಷದಿಂದ ಜನರ ಕಾಲ ಬಳಿ ಕೂತಿದ್ದೇನೆ, ಯಾರ ಮಾತಿಗೂ ತಲೆ ತಗ್ಗಿಸಿರಲಿಲ್ಲ. ಶೂ ಬಿಚ್ಚಲೆಂದು ಆಗಲೇ ಅವರ ಕಾಲ ಬಳಿ ಕೂತಿದ್ದರಿಂದ ತಗ್ಗಿಸಿದ್ದು ಅವರಿಗೆ ಕಾಣಲಿಲ್ಲ. ಬಲಗಾಲಿನ ಶೂ ಬಿಚ್ಚಿದೆ. ಕಾಲುಚೀಲ ಕಿರುಬೆರಳ ಹತ್ತಿರ ಅಂಟಿಕೊಂಡಿತ್ತು. ನೀರು ಹಾಕಿ ಬಿಡಿಸಿದೆ. ಕೆಳಗೆ ಒಂದು ಗಾಯ, ಅಂಗಿಯ ಗುಂಡಿಯಷ್ಟು. ಅವರು ಬಗ್ಗಿ ನೋಡಿ, ಬೇರೆ ಯಾರದೋ ಕಾಲು ನೋಡಿದ ಹಾಗೆ, "ಓ" ಎಂದರು.

ಅಲ್ಲಿಂದ ಸೀದಾ ಆಸ್ಪತ್ರೆ. ಡಾಕ್ಟರ್ ಹೇಳಿದ್ದು ಇಷ್ಟು: ಗಾಯ ಇನ್ನೂ ಮೂಳೆಗೆ ಇಳಿದಿಲ್ಲ, ಇಳಿದರೆ ಬೆರಳು ತೆಗೆಯಬೇಕು, ಬೆರಳಿಗೇ ನಿಲ್ಲುತ್ತದೆ ಎಂದು ಹೇಳಲಾಗದು. ಆರು ವಾರ ಆ ಕಾಲು ನೆಲಕ್ಕೆ ತಾಗಬಾರದು. ಇನ್ನಿಬ್ಬರಲ್ಲಿ ಒಬ್ಬರಿಗೆ ಬರೀ ಕೆಂಪು ಗುರುತು, ಇನ್ನೊಬ್ಬರು ಶೂವನ್ನು ಪೆಟ್ಟಿಗೆಯಿಂದ ಹೊರಗೇ ತೆಗೆದಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ, ನಮ್ಮ ಸರಕು ಬಳಸದ ಗಿರಾಕಿಗೆ ಕೈಮುಗಿದೆ.

ಆಸ್ಪತ್ರೆಯ ಬೆಂಚಿನಲ್ಲಿ ಟೀಚರಮ್ಮ ಕೇಳಿದರು, "ತಪ್ಪಾಗಿದೆ ಅಂತ ಯಾರು ಕಂಡುಹಿಡಿದ್ರು?"

"ನನ್ನ ತಂಗಿ."

"ಆಗ ನಮ್ಮನ್ನ ಗಾಜಿನ ಮೇಲೆ ನಿಲ್ಲಿಸಿ ಅಳೀತಿದ್ರಲ್ಲ, ಅವರು ನಿಮ್ಮ ತಂಗಿನಾ? ಹಿಂದೆ ಇದೇ ಆಸ್ಪತ್ರೆ ಸಭೆಲಿ ನಿಮ್ಮ ಭಾಷಣ ಕೇಳಿದ್ದೆ ನಾನು. ಎರಡು ಸಲ ಅಳೆಯೋ ಪದ್ಧತಿ ನಾನೇ ಯೋಚನೆ ಮಾಡಿದ್ದು ಅಂದಿದ್ರಿ."

ಅಂದಿದ್ದೆ. ನೀನು ಮೂರನೇ ಸಾಲಿನಲ್ಲಿ ಕೂತಿದ್ದೆ.

ಕಾಗದದ ಕೊನೆಯಲ್ಲಿ ನೀನು ಬರೆದ ವಿಷಯದ ಬಗ್ಗೆ ಈಗೇನೂ ಬರೆಯುವುದಿಲ್ಲ. ಸಿಟ್ಟು ಬಂತು. ಆಮೇಲೆ ಮೂರು ವಾರ ಬೇಡ ಎಂದವನು ಯಾರು, ಪೆಟ್ಟಿಗೆ ತೂಕಕ್ಕೆ ಹಾಕಿದವನು ಯಾರು ಎಂದು ಎಣಿಸುತ್ತಾ ಹೋದೆ. ಎಣಿಕೆ ನನ್ನ ಕಡೆಗೇ ಬರುತ್ತಿತ್ತು. ನಿಲ್ಲಿಸಿದೆ. ಗುಜರಿಯವರ ಹತ್ತಿರವೂ ಓಡಿದ್ದೆ. ಅವರು ಪೆಟ್ಟಿಗೆಯನ್ನು ಒಡೆದು ತಗಡು ಬೇರೆ, ತಾಮ್ರ ಬೇರೆ ಮಾಡಿಯಾಗಿತ್ತು.

ಅಣ್ಣ


ಮೇ 3

ಸ್ಕೇಲ್,

ಚಿಕ್ಕಂದಿನ ಹೆಸರಿನಿಂದ ಕರೆದರೆ ಸಿಡುಕುತ್ತೀಯ ಎಂದು ಗೊತ್ತು. ಸಿಡುಕಿ ಆದರೂ ಉತ್ತರ ಬರೆ. ಹದಿನೆಂಟು ದಿನವಾಯಿತು.

ಟೀಚರಮ್ಮನ ಗಾಯ ಹಾಗೇ ಇದೆ. ದೊಡ್ಡದಾಗಿಲ್ಲ, ಮುಚ್ಚಿಯೂ ಇಲ್ಲ. ದಿನ ಬಿಟ್ಟು ದಿನ ಹೋಗಿ ತರಕಾರಿ ಕೊಟ್ಟು ಬರುತ್ತೇನೆ. ಅವರು ನನ್ನ ಅಕ್ಷರ ತಿದ್ದುತ್ತಾರೆ.

ಈಗ ಒಂದು ವಿಚಿತ್ರ ಹೇಳುತ್ತೇನೆ. ಯಾವುದು ಸಂಜೆಯದು ಎಂಬ ಗುರುತು ಹೋದರೇನು, ಎರಡರಲ್ಲಿ ದೊಡ್ಡದು ಸಂಜೆಯದೇ ತಾನೆ ಎಂದುಕೊಂಡು ಅಂಗಡಿ ಮುಚ್ಚಿ ನಾಲ್ಕು ದಿನ ಎಲ್ಲರೂ ಕೂತೆವು. ದೊಡ್ಡದಕ್ಕೆಲ್ಲ "ಸಂಜೆ" ಎಂದು ಹೆಸರಿಟ್ಟೆವು. ಅಷ್ಟಕ್ಕೇ ಬಿಡಬಹುದಿತ್ತು. ಒಂದು ಸಲ ಸುಟ್ಟುಕೊಂಡವನಲ್ಲವೇ, ಕಪಾಟಿನಲ್ಲಿರುವ ಮರದ ಅಚ್ಚುಗಳನ್ನೂ ತೆಗೆದು ತಾಳೆ ಹಾಕಿಸಿದೆ. ನಿನ್ನ ನಿಯಮ ನಡೆಯುತ್ತಿದ್ದಾಗ ಕೆತ್ತಿದವು ಅವು. ಎಲ್ಲವೂ ದೊಡ್ಡ ಅಳತೆಗೇ ಹೊಂದಬೇಕು.

ಹದಿನೇಳು ಜನರ ಅಚ್ಚು ಚಿಕ್ಕ ಅಳತೆಗೆ ಹೊಂದಿತು!

ಯಾರು ಈ ಹದಿನೇಳು ಎಂದು ಹೆಸರು ಬರೆದುಕೊಂಡು ನೋಡುತ್ತಾ ಕೂತೆ. ವಯಸ್ಸು ನೋಡಿದೆ, ತೂಕ ನೋಡಿದೆ, ಏನೂ ತಾಳೆಯಾಗಲಿಲ್ಲ. ಅಚ್ಚಿನವರು ಚಹಾ ಹಿಡಿದು ಬಂದವರು ಹಿಂದಿನಿಂದ ಪಟ್ಟಿ ಇಣುಕಿ, "ಇವ್ರೆಲ್ಲ ದೂರು ಹೇಳೋ ಗಿರಾಕಿಗಳಲ್ವಾ ಯಜಮಾನ್ರೇ?" ಎಂದರು. ಬ್ರೆಡ್ ಭಟ್ಟಿಯವನು ನೆನಪಿದ್ದಾನಾ? ಪ್ರತಿ ಸಲ ಬಿಗಿ, ಬಿಗಿ ಎಂದು ಗೊಣಗುತ್ತಿದ್ದ; ನಾವು ಅವನ ಸ್ವಭಾವವೇ ಹಾಗೆ ಎಂದು ಬಿಟ್ಟಿದ್ದೆವು. ಅವನು ರಾತ್ರಿಯೆಲ್ಲ ಭಟ್ಟಿ ಮುಂದೆ ನಿಂತು ಬೆಳಗ್ಗೆ ಮಲಗುವವನು. ಮಿಕ್ಕವರಲ್ಲಿ ನಾಲ್ವರು ನರ್ಸುಗಳು, ಆರು ಜನ ಕಾವಲುಗಾರರು, ಪತ್ರಿಕೆ ಕಟ್ಟು ಕಟ್ಟುವ ಇಬ್ಬರು, ರಾತ್ರಿ ಗಾಡಿ ಓಡಿಸುವ ಮೂವರು. ಇವರಿಗೆಲ್ಲ ಬೆಳಗಿನ ಕಾಲೇ ದೊಡ್ಡ ಕಾಲು!

ಅಲ್ಲಿಗೆ ಹದಿನಾರು. ಹದಿನೇಳನೆಯವರು ಮನೆಯಲ್ಲೇ ಇರುವ ಒಬ್ಬ ಅಜ್ಜಿ. ರಾತ್ರಿ ಒಂಬತ್ತಕ್ಕೆ ಮಲಗುತ್ತಾರೆ. ಅವರ ಕಾಲು ಬೆಳಗ್ಗೆ ಯಾಕೆ ದೊಡ್ಡದು? ನನಗೆ ಬಗೆಹರಿಯುತ್ತಿಲ್ಲ. ನಿನಗೆ?

ಅಣ್ಣ


ಮೇ 12

ಅಣ್ಣ,

ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದುತ್ತಾ ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ.

ನನ್ನ ನಿಯಮ ತಪ್ಪು. ಶುರುವಿನಿಂದಲೂ ತಪ್ಪು. ನೀನು ಪೆಟ್ಟಿಗೆಯನ್ನು ಇಟ್ಟುಕೊಂಡಿದ್ದರೆ, ನಾನು ಹೇಳಿದ ಹಾಗೆ ಮೂರು ತಿಂಗಳು, ಮೂರು ವರ್ಷ ಓಡಿಸಿದ್ದರೆ, ಆ ತಪ್ಪನ್ನು ಗಂಟೆ ಸಮೇತ ಜೋಪಾನವಾಗಿ ಮೋಡಕ್ಕೆ ಕಳಿಸುತ್ತಿದ್ದೆವು. ಬ್ರೆಡ್ಡಿನವರಿಗೆ ನಾನು ಎಷ್ಟು ಜೊತೆ ಮಾಡಿಸಿದ್ದೇನೆ ಎಂದು ನೆನಪು ಮಾಡಿಕೊಂಡೆ. ಐದು. ಐದು ಸಲವೂ ಆ ಮನುಷ್ಯ ಬಾಯಿಬಿಟ್ಟು ಹೇಳಿದ್ದಾನೆ, ನಾನು ಗಡಿಯಾರವನ್ನು ನಂಬಿದೆ.

ಗಂಟೆ ಎಷ್ಟು ಎಂದು ಕೇಳಬಾರದಿತ್ತು. ಕೇಳಬೇಕಾದ್ದು: ನೀವು ಎದ್ದು ಎಷ್ಟು ಹೊತ್ತಾಯಿತು? ಅದರಲ್ಲಿ ನಿಂತದ್ದೆಷ್ಟು, ಕೂತದ್ದೆಷ್ಟು? ಏನಾದರೂ ಮಾತ್ರೆ ನುಂಗಿದ್ದೀರಾ? ಅಜ್ಜಿಯ ಉತ್ತರ ಈ ಮೂರನೆಯದರಲ್ಲಿ ಇರಬಹುದು. ಮೈಯ ನೀರು ಇಳಿಸುವ ಮಾತ್ರೆ ಇದೆ, ಬೆಳಗ್ಗೆ ತೆಗೆದುಕೊಳ್ಳುವಂಥದ್ದು. ಬಾತುಕೊಂಡು ಏಳುವ ಕಾಲು ಮಧ್ಯಾಹ್ನಕ್ಕೆ ಇಳಿದಿರುತ್ತದೆ. ಹೋಗಿ ಕೇಳು, ನನಗೂ ತಿಳಿಯಬೇಕು.

ಉತ್ತರಗಳನ್ನು ಅಳತೆಯ ಜೊತೆಯಲ್ಲೇ, ಫೈಲಿನ ಒಳಗೆ, ಮಾತಿನಲ್ಲಿ ಬರೆಯಿಸು. ಓದಿದವರಿಗೆ ಅರ್ಥವಾಗುವ ಹಾಗೆ. ಅರವತ್ತಮೂರು ಜನರನ್ನು ಮತ್ತೆ ಕರೆಸಿ ಹೊಸದಾಗಿ ಅಳೆ, ಊಹೆಯ ಮೇಲೆ ಒಂದು ಜೊತೆಯೂ ಹೋಗಬಾರದು.

ಹದಿನೆಂಟು ದಿನ ಬರೆಯದೇ ಇದ್ದದ್ದು ಕೋಪದಿಂದ ಅಲ್ಲ. ಅಂಗಿಯ ಗುಂಡಿಯಷ್ಟು ಎಂದು ಬರೆದಿದ್ದೆಯಲ್ಲ, ಆ ಸಾಲಿನಿಂದ ಮುಂದೆ ಹೋಗಲು ಆಗುತ್ತಿರಲಿಲ್ಲ.

ಸ್ಕೇಲ್ ಎನ್ನಬೇಡ. ಐವತ್ತಾಗುತ್ತಾ ಬಂತು.

ತಂಗಿ


ಜೂನ್ 9

ಪ್ರೀತಿಯ ತಂಗಿಗೆ,

ಮೊದಲು ಮುಖ್ಯವಾದದ್ದು. ನಿನ್ನೆ ಡಾಕ್ಟರ್ ಪಟ್ಟಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. ಮುಚ್ಚಿದೆ. ಎಳೆಯ ಚರ್ಮ, ಈರುಳ್ಳಿಯ ಒಳಸಿಪ್ಪೆಯ ಹಾಗೆ. ಬೆರಳು ಉಳಿಯಿತು. ಆರು ವಾರ ಎಂದದ್ದು ಒಂಬತ್ತಾಯಿತು. "ಕಾಲು ಎತ್ತಿಟ್ಟು ಕೂತದ್ದಕ್ಕೆ ಇಷ್ಟು ಪುಸ್ತಕ ಓದಿ ಮುಗಿಸಿದೆ" ಎಂದು ಟೀಚರಮ್ಮ ಕೈಯಲ್ಲಿ ಎತ್ತರ ತೋರಿಸಿದರು. ಆಸ್ಪತ್ರೆಯಿಂದ ಹೊರಗೆ ಬಂದು ಗೋಡೆಯ ಪಕ್ಕ ಸ್ವಲ್ಪ ಹೊತ್ತು ನಿಂತಿದ್ದೆ. ಯಾಕೆ ಎಂದು ಬರೆಯುವುದಿಲ್ಲ.

ಅಜ್ಜಿಗೆ ಮಾತ್ರೆಯೇ. ನೀನು ಹೇಳಿದ ಜಾತಿಯದ್ದೇ. ಬ್ರೆಡ್ಡಿನವನಿಗೆ ಆರನೇ ಜೊತೆ ಕೊಟ್ಟೆ. ಹಾಕಿಕೊಂಡು ಅಂಗಡಿಯ ಆ ತುದಿಯಿಂದ ಈ ತುದಿಗೆ ನಡೆದ, ಮತ್ತೆ ನಡೆದ. ನಾನು ಗೊಣಗುವುದನ್ನೇ ಕಾಯುತ್ತಿದ್ದೆ. "ಇದನ್ನ ಮೊದಲೇ ಮಾಡೋಕೆ ಏನಾಗಿತ್ತು ನಿಮಗೆ?" ಎಂದ. ಅವನ ಸ್ವಭಾವ ನಿಜವಾಗಿಯೂ ಹಾಗೇ.

ಕ್ಲೌಡಿನ ಹೆಣ್ಣುಮಗಳನ್ನು ಕರೆದು, ತಪ್ಪಾಯಿತು ಅಮ್ಮ, ನಿನ್ನ ಮೂರು ವಾರ ಶುರು ಮಾಡು ಎಂದೆ. ಈಗ ಹತ್ತು ಹತ್ತಾಗಿ ಅಳತೆ ಸಾಗುತ್ತದೆ, ಪ್ರತಿ ಹತ್ತಕ್ಕೂ ಅಚ್ಚಿನವರು ಕೈಯಲ್ಲಿ ಅಳೆದು ಸಹಿ ಹಾಕಬೇಕು. ಶನಿವಾರ ಶನಿವಾರ ಒಂದು ನಕಲು ನಮ್ಮ ಕಪಾಟಿಗೂ ಬರುತ್ತದೆ. ಕೀಲಿ ನನ್ನ ಹತ್ತಿರ ಒಂದು, ಹೊಲಿಗೆಯಮ್ಮನ ಹತ್ತಿರ ಒಂದು. ಯಾರೂ ಯಾವ ಶೂವಿನ ಒಳಗೂ ಏನೂ ಬಚ್ಚಿಟ್ಟಿಲ್ಲ.

ಅವಳು ಇನ್ನೊಂದು ಮಾತು ಹೇಳಿದಳು. "ಸಾರ್, ಇಲ್ಲಿ ಕೆಲಸ ಯಾವ ಯಾವ ರೂಢಿ ಮೇಲೆ ನಡೀತಿದೆ, ಎಲ್ಲ ಬರೆದಿಡಿ. ಯಾಕೆ ಅಂತ ಬರೀರಿ. ಯಾರು ಮಾಡಿದ್ದು ಅಂತಾನೂ ಬರೀರಿ, ಮುಂದೆ ಯಾರನ್ನ ಕೇಳ್ಬೇಕು ಅಂತ ಗೊತ್ತಿರಲಿ." ಎರಡು ಭಾನುವಾರ ಹಿಡಿಯಿತು. ಒಟ್ಟು ನಲವತ್ತೊಂದು ರೂಢಿ. ಯಾರು ಮಾಡಿದ್ದು ಎಂಬ ಕಾಲಮ್ಮಿನಲ್ಲಿ ಹೊಲಿಗೆಯಮ್ಮನದು ಮೂರು. ಅಚ್ಚಿನವರದು ಎಂಟು. ನನ್ನದು ಒಂದು: ಶನಿವಾರ ಅರ್ಧ ದಿನಕ್ಕೇ ಬಾಗಿಲು ಹಾಕುವುದು. ಮಿಕ್ಕ ಇಪ್ಪತ್ತೊಂಬತ್ತರ ಮುಂದೆ ನಿನ್ನ ಹೆಸರು ಬರೆದೆ. ತಪ್ಪಿರಬಹುದು ಎಂದು ಎರಡು ಸಲ ಕೂಡಿದೆ. ಅಷ್ಟೇ ಬಂತು.

ಪಟ್ಟಿಯ ಒಂದು ಪ್ರತಿ ಆಸ್ಪತ್ರೆಗೆ ಕಳಿಸಿದ್ದೇನೆ, ಆ ಕಾಲಮ್ಮಿನ ಸಮೇತ. ಅಂದು ಸಭೆಯಲ್ಲಿ ಕೂತಿದ್ದ ಡಾಕ್ಟರುಗಳ ಹೆಸರು ಹುಡುಕಿ ಒಬ್ಬೊಬ್ಬರಿಗೂ ಕಳಿಸಿದೆ. ನಿನಗೂ ಒಂದು ಇದರ ಜೊತೆ ಇದೆ.

ಟೀಚರಮ್ಮನಿಗೆ ಹೊಸ ಅಳತೆ ಇಪ್ಪತ್ತನೇ ತಾರೀಖು. ಅವರ ಮನೆಯಲ್ಲೇ, ಗಾಜಿನ ಹಲಗೆ ಹೊತ್ತುಕೊಂಡು ಮೂರು ಮಹಡಿ ಹತ್ತುತ್ತೇನೆ. ನನ್ನ ಕೈಮೇಲೆ ಅವರಿಗೆ ಪೂರ್ತಿ ಭರವಸೆ ಬಂದ ಹಾಗಿಲ್ಲ. "ಆ ತಂಗಿ ಬರಲ್ವಾ?" ಎಂದು ಕೇಳಿದರು. ಅವಳಿಗೆ ಕಚೇರಿ ಇದೆ, ತಕ್ಕಡಿ ಇದೆ ಎಂದೆ.

ನಿನ್ನ ಅಣ್ಣ


ಜೂನ್ 14

ಅಣ್ಣ,

ಬೆರಳು ಉಳಿಯಿತು ಎಂಬ ಸಾಲನ್ನು ಕಚೇರಿಯಲ್ಲಿ ಪಕ್ಕದ ಮೇಜಿನವರಿಗೆ ಓದಿ ಹೇಳಿದೆ. ಯಾರ ಬೆರಳು ಎಂದು ಕೇಳಿದರು. ಹೇಳುತ್ತಾ ಹೋದರೆ ಊಟದ ಬಿಡುವೆಲ್ಲ ಮುಗಿದುಹೋಯಿತು.

ಪಟ್ಟಿಯನ್ನು ಪರೀಕ್ಷೆ ಮಾಡಿದೆ, ಅದೇ ನನ್ನ ಉದ್ಯೋಗ. ಏಳನೆಯದು ತಪ್ಪು. "ಕಾಲನ್ನು ನಿಲ್ಲಿಸಿಯೇ ಅಳೆಯುವುದು, ಕೂರಿಸಿ ಅಳೆಯಬಾರದು" ಎಂಬುದರ ಮುಂದೆ ನನ್ನ ಹೆಸರಿದೆ. ಅದು ನಿನ್ನದು. ನೀನಿನ್ನೂ ರಸ್ತೆಬದಿಯಲ್ಲಿ ಕೂತು ಅಟ್ಟೆ ಹೊಲಿಯುತ್ತಿದ್ದ ಕಾಲ. ನಾನು ಎಂಟು ವರ್ಷದವಳು, ಮಧ್ಯಾಹ್ನದ ಊಟ ತಂದುಕೊಟ್ಟು ಪಕ್ಕದಲ್ಲಿ ನಿಂತಿರುತ್ತಿದ್ದೆ. ಒಬ್ಬರು ಕುರ್ಚಿ ಕೇಳಿದರು. ನೀನು ಹಳೆಯ ಪತ್ರಿಕೆ ಹಾಸಿ, "ಎದ್ದು ನಿಂತ್ಕೊಳ್ಳಿ ಸ್ವಾಮಿ, ಕೂತ ಕಾಲು ಸುಳ್ಳು ಹೇಳುತ್ತೆ" ಎಂದು ಪೆನ್ಸಿಲ್ಲಿನಲ್ಲಿ ಅವರ ಪಾದದ ಸುತ್ತ ಗೆರೆ ಎಳೆದೆ. ಆ ಗೆರೆಯ ಅಗಲ ಎಷ್ಟು ಎಂದು ನೋಡಬೇಕು ಅನ್ನಿಸಿ ನಾನು ಶಾಲೆಯ ಸ್ಕೇಲ್ ತೆಗೆದೆ. ನೀನು ಆ ಹೆಸರಿಟ್ಟದ್ದು ಅವತ್ತೇ.

ಹಾಗಾಗಿ ನನ್ನದು ಇಪ್ಪತ್ತೆಂಟು, ನಿನ್ನದು ಎರಡು. ತಿದ್ದಿ, ಡಾಕ್ಟರುಗಳಿಗೂ ತಿದ್ದುಪಡಿ ಕಳಿಸು.

ಇಪ್ಪತ್ತನೇ ತಾರೀಖು ಅರ್ಧ ದಿನ ರಜೆ ಹಾಕಿದ್ದೇನೆ. ಬೆಳಗಿನ ಅಳತೆ ನೀನು ತೆಗೆದಿಡು. ಸಂಜೆ ಐದಕ್ಕೆ ನಾನು ಬರುತ್ತೇನೆ. ಎದ್ದು ಎಷ್ಟು ಹೊತ್ತಾಯಿತು ಎಂದು ಟೀಚರಮ್ಮನನ್ನು ನಾನೇ ಕೇಳಿ ಬರೆದುಕೊಳ್ಳುತ್ತೇನೆ.

ಸ್ಕೇಲ್